ಚಿಕ್ಕಲ್ಲೂರಿನಲ್ಲಿ ಒಂದು ಹುಣ್ಣಿಮೆ ರಾತ್ರಿ

2025ರ ಜನವರಿ 13, ಸೋಮವಾರ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಸಂಜೆಯಿಂದಲೇ ನೂಕುನುಗ್ಗಲು. ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲು, ಚೀಲ, ಕಂಬಳಿಗಳು ಒಳಗೆ ಬಿದ್ದು ಸೀಟು ಹಿಡಿಯುತ್ತಿವೆ. ಅಕ್ಕಿ ಮೂಟೆ, ಪಾತ್ರೆ, ಸೌದೆ ಹೊತ್ತವರ ನಡುವೆ ಐವರು ಕಾಲೇಜು ಗೆಳೆಯರು. ಮೂವರು ಕೊಳ್ಳೇಗಾಲದ ಹುಡುಗರು, ಒಬ್ಬಳು ಯಳಂದೂರಿನವಳು, ಇನ್ನೊಬ್ಬ ಹನೂರು ಕಡೆಯವನು. ರಾತ್ರಿಯೆಲ್ಲ ಹೊರಗೆ ಕಳೆಯಬೇಕೆಂದಾಗ ಯಳಂದೂರಿನ ಹುಡುಗಿಯ ತಾಯಿ ಒಪ್ಪಲಿಲ್ಲ. ಕೊನೆಗೆ, ‘ಹೋಗ್ಲೇಬೇಕು ಅಂದ್ರೆ ನಾನೂ ಬತ್ತೀನಿ’ ಎಂದು ಚಪಾತಿ ಬುತ್ತಿ ಕಟ್ಟಿಕೊಂಡು ಹೊರಟೇ ಬಿಟ್ಟರು. ಹೀಗೆ ಐವರು ಆರಾದರು.

ಊರಿನ ಹುಡುಗರು ಬೆಂಗಳೂರಿಗೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು ವಾದ್ಯವೃಂದಗಳನ್ನು ಕೇಳಿ ಬರುವುದುಂಟು. ಇವರ ಮೆಚ್ಚಿನ ಮೇಳವನ್ನು ಕೇಳಲು ಮಾತ್ರ ಟಿಕೆಟ್ಟಿಲ್ಲ, ವೇದಿಕೆಯಿಲ್ಲ, ಆಸನವಿಲ್ಲ. ಒಂದು ತಂಬೂರಿ, ಒಂದು ಡಕ್ಕಿ, ತಾಳ, ಗಗ್ಗರ, ನಾಲ್ಕೈದು ಕಂಠ, ಇಷ್ಟೇ ಸಾಮಗ್ರಿ. ಇವರು ನೀಲಗಾರರು. ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುವವರು. ಗೆಳೆಯರು ಇದುವರೆಗೆ ಅವರನ್ನು ಕೇಳಿದ್ದು ಮೊಬೈಲಿನಲ್ಲಿ. ಎದುರಿಗೆ ಕೂತು ಕೇಳುವುದು ಇದೇ ಮೊದಲು. ಹನೂರು ಕಡೆಯ ಹುಡುಗನೊಬ್ಬನಿಗೆ ಮಾತ್ರ ಹಾಗಲ್ಲ. ಆದರೆ ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

ಕೊಳ್ಳೇಗಾಲದ ರೇಷ್ಮೆ ಸೀರೆ ನಾಡಿಗೆಲ್ಲ ಗೊತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದು ಇಂದಿನ ಅನೇಕ ವಿದ್ಯಾರ್ಥಿಗಳಿಗೆ ಗೊತ್ತಿರಲಾರದು. ಆಡಳಿತ ಯಾರದೇ ಇರಲಿ, ಹಾಡು ಮಾತ್ರ ಕನ್ನಡದ್ದೇ ಆಗಿತ್ತು. ಪಕ್ಕದ ಯಳಂದೂರು ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮನ ಊರು. ಹನೂರಿನಾಚೆಯ ಬೆಟ್ಟಸಾಲಿನಲ್ಲಿ ಮಲೆ ಮಹದೇಶ್ವರ. ಅವನ ಕಥೆಯನ್ನು ಹಾಡುವವರು ಕಂಸಾಳೆಯ ದೇವರಗುಡ್ಡರು. ಅವರದು ಕಂಚಿನ ತಾಳದ ಬೀಸು, ವೀರಾವೇಶದ ಕುಣಿತ. ನೀಲಗಾರರದು ಬೇರೆ ದಾರಿ. ತಂಬೂರಿಯನ್ನು ಭುಜಕ್ಕೊರಗಿಸಿಕೊಂಡು, ಹಣೆಗೆ ಕಪ್ಪು ಧೂಳ್ತ ಧರಿಸಿ, ಕೂತಲ್ಲೇ ಲೋಕವನ್ನು ತೋರಿಸುವವರು ಅವರು. ಒಂದೇ ಸೀಮೆಯಲ್ಲಿ ಎರಡು ಮಹಾಕಾವ್ಯಗಳು ಜನರ ಬಾಯಲ್ಲಿ ಬದುಕಿರುವುದು ಸಣ್ಣ ಮಾತಲ್ಲ!

ಸುಮಾರು ಒಂದು ಗಂಟೆಯ ಪಯಣ. ಹೊಲಗಳು ಮುಗಿದು ಕುರುಚಲು ಕಾಡು ಶುರುವಾಗುವ ಹೊತ್ತಿಗೆ ಪೂರ್ವದಲ್ಲಿ ಚಂದ್ರ ಮೇಲೆದ್ದಿದ್ದ. ಅಂದು ಪುಷ್ಯ ಮಾಸದ ಹುಣ್ಣಿಮೆ. ಇಲ್ಲಿಯವರ ಬಾಯಲ್ಲಿ ಅದು ಬಾನದ ಹುಣ್ಣಿಮೆ. ಅಂದಿನಿಂದ ಐದು ದಿನ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ, ಆಮೇಲೆ ದೊಡ್ಡವರ ಸೇವೆ, ಮುಡಿಸೇವೆ, ಪಂಕ್ತಿಸೇವೆ, ಕೊನೆಗೆ ಮುತ್ತತ್ತಿರಾಯರ ಸೇವೆ. ಪಂಕ್ತಿಸೇವೆಯ ದಿನ ಬಯಲೆಲ್ಲ ಅಡುಗೆಮನೆ. ಜಾತಿ ಕೇಳದೆ ಜೊತೆಗೆ ಕೂತು ಉಣ್ಣುವುದೇ ಆ ದಿನದ ಪೂಜೆ.

ಚಂದ್ರಮಂಡಲವೆಂದರೆ ಬಿದಿರಿನಿಂದ ಕಟ್ಟಿ ಬಟ್ಟೆ ಸುತ್ತಿದ ಎತ್ತರದ ಆಕೃತಿ. ರಾತ್ರಿ ಬೊಪ್ಪೇಗೌಡನಪುರದ ಮಠದ ಸ್ವಾಮಿಗಳು ಮೆರವಣಿಗೆಯಲ್ಲಿ ಬಂದು ಅದಕ್ಕೆ ಬೆಂಕಿ ಮುಟ್ಟಿಸುತ್ತಾರೆ. ಜನ ತಾವು ಬೆಳೆದ ಧಾನ್ಯವನ್ನೂ ಚಿಲ್ಲರೆ ಕಾಸನ್ನೂ ಅದರತ್ತ ಎರಚುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಹೆಚ್ಚು ಉರಿಯುತ್ತದೋ ಆ ದಿಕ್ಕಿನ ಸೀಮೆಗೆ ಒಳ್ಳೆಯ ಮಳೆ ಬೆಳೆ ಎಂಬುದು ನಂಬಿಕೆ. ಜನಸಾಗರದ ಹಿಂದೆ ನಿಂತಿದ್ದ ಗೆಳೆಯರಿಗೆ ಕಂಡದ್ದು ಕಿಡಿಗಳು ಮಾತ್ರ. ‘ನಮ್ ಕಡೀಕೇ ಉರಿತು’ ಎಂದು ಎಡಕ್ಕಿದ್ದವರು, ‘ಇಲ್ಲ, ನಮ್ ಕಡೀಕೆ’ ಎಂದು ಬಲಕ್ಕಿದ್ದವರು! ಒಣಬೇಸಾಯದ ಸೀಮೆ ಇದು. ಮಳೆಯ ವಿಚಾರದಲ್ಲಿ ಯಾರೂ ಸುಲಭಕ್ಕೆ ಸೋಲೊಪ್ಪಲಾರರು.

ಉರಿ ತಗ್ಗಿದ ಮೇಲೆ ನಿಜವಾದ ರಾತ್ರಿ ಆರಂಭವಾಯಿತು. ಮರದಡಿ, ಗಾಡಿಯ ಮಗ್ಗುಲಲ್ಲಿ, ಮಠದ ಗೋಡೆಯ ಪಕ್ಕದಲ್ಲಿ ಒಂದೊಂದೇ ಮೇಳ ಕೂತಿತು. ಕಂಡಾಯಗಳಿಗೆ ಧೂಪ ಹಾಕಿ, ತಂಬೂರಿ ಶ್ರುತಿ ಮಾಡಿದರು. ಗೆಳೆಯರು ಯಾವ ಮೇಳದ ಮುಂದೆ ಕೂರುವುದೆಂದು ನೋಡುತ್ತಿರುವಾಗ ಒಬ್ಬ ವೃದ್ಧರು ಹನೂರಿನ ಹುಡುಗನನ್ನು ನೋಡಿ, ‘ಬಂದ್ಯಾ ಮಗ’ ಎಂದರು. ಹುಡುಗ ತಲೆ ತಗ್ಗಿಸಿದ. ‘ನಮ್ ತಾತ’ ಎಂದ.

ಮೂರು ವರ್ಷ ಜೊತೆಯಲ್ಲಿ ಓದಿದ ಗೆಳೆಯರಿಗೆ ಗೊತ್ತಿರಲಿಲ್ಲ. ಅವರು ಮೊಬೈಲಿನಲ್ಲಿ ಹಾಕಿ ಮೆಚ್ಚುತ್ತಿದ್ದ ಪದಗಳು ಅವನ ಮನೆಯ ಪಡಸಾಲೆಯಲ್ಲಿ ದಿನವೂ ಕೇಳುತ್ತಿದ್ದವು. ಹೇಳದಿರಲು ಕಾರಣವಿತ್ತು. ನೀಲಗಾರರು ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ. ಗುರುವಿನ ಹೆಸರಿನ ಆ ಭಿಕ್ಷೆ ಅವರ ವ್ರತ. ಆದರೆ ಶಾಲೆಯಲ್ಲಿ ಯಾರೋ ಅದನ್ನೇ ‘ತಿರುಪೆ’ ಎಂದು ನಕ್ಕಿದ್ದರು. ಒಂದು ನಗು ಹತ್ತು ವರ್ಷ ಅವನ ಬಾಯಿ ಕಟ್ಟಿಸಿತ್ತು.

ತಾತ ಅಂದು ಎತ್ತಿಕೊಂಡದ್ದು ಸಿದ್ದಪ್ಪಾಜಿಯ ಭಾಗ. ನಿಡುಘಟ್ಟದ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ. ಅವನನ್ನು ನನಗೆ ಕೊಡಿ ಎಂದು ಮಂಟೇಸ್ವಾಮಿ ಕೇಳುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಕೊನೆಗೆ ಮಗ ಗುರುವಿನ ಹಿಂದೆ ಹೊರಡುತ್ತಾನೆ. ಅವನೇ ಮುಂದೆ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ, ಅವರೊಡ್ಡಿದ ಪರೀಕ್ಷೆಗಳನ್ನೆಲ್ಲ ಗೆದ್ದು ಸಿದ್ದಪ್ಪಾಜಿಯಾಗುವವನು. ತಾತ ಒಂದು ಸಾಲು ಹಾಡಿ ನಿಲ್ಲಿಸಿದರೆ ಹಿಮ್ಮೇಳ ಸೊಲ್ಲು ಹಿಡಿಯುತ್ತದೆ. ನಡುವೆ ಮಾತಿನಲ್ಲಿ ಕಥೆ, ಒಂದಿಷ್ಟು ಹಾಸ್ಯ. ಕಣ್ಣು ಎಳೆಯತೊಡಗಿದವರನ್ನು ಡಕ್ಕಿಯ ಪೆಟ್ಟು ಎಬ್ಬಿಸುತ್ತದೆ.

ತಾಯಿ ಮಗನನ್ನು ಬಿಟ್ಟುಕೊಡಲಾರದೆ ಗೋಳಾಡುವ ಭಾಗ ಬಂತು. ಹುಡುಗನಿಗೆ ತಿಳಿದಂತೆ ಅದು ಕಾಲು ಗಂಟೆಯದು. ಅಂದು ತಾತ ಅದನ್ನು ಮುಗಿಸಲೇ ಇಲ್ಲ. ಅವಳು ಮಗನಿಗೆ ಉಣ್ಣಿಸಿದಳು, ತಲೆ ಬಾಚಿದಳು, ಬಾಗಿಲವರೆಗೆ ಬಂದು ಮತ್ತೆ ಒಳಗೆ ಕರೆದಳು. ಯಳಂದೂರಿನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳು ಅವರ ತೋಳು ಹಿಡಿದುಕೊಂಡಳು.

ಮೂರು ಗಂಟೆಯ ಹೊತ್ತಿಗೆ ಮೇಳ ಚಹಾಕ್ಕೆ ನಿಂತಾಗ ಹುಡುಗಿ ಕೇಳಿದಳು: ‘ತಾತ, ನಾ ಕೇಳಿದ್ ರೆಕಾರ್ಡಲ್ಲಿ ಇದು ಇಷ್ಟು ಉದ್ದ ಇಲ್ವಲ್ಲ?’

ತಾತ ನಕ್ಕರು. ‘ರೆಕಾರ್ಡ್ಗೆ ಮುಂದೆ ಯಾರ್ ಕುಂತವ್ರೆ ಅಂತ ಗೊತ್ತಾದದಾ ತಾಯಿ? ನಿಮ್ಮವ್ವ ಕುಂತಿದ್ರು. ಅದಕ್ಕೇ ಅವ್ಳು ಮಗನ್ನ ಬೇಗ ಕಳಿಸ್ನಿಲ್ಲ.’

ಜನಪದ ಮಹಾಕಾವ್ಯವೆಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರ ಸಿಗಲಾರದು. ವಿದ್ವಾಂಸರ ಕೆಲಸವೇನೂ ಕಡಿಮೆಯದಲ್ಲ. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಈ ವೃತ್ತಿಗಾಯಕರನ್ನು ಅಧ್ಯಯನ ಮಾಡಿದರು. 1973ರಲ್ಲಿ ಪಿ.ಕೆ. ರಾಜಶೇಖರ ಅವರ ಮಲೆಯ ಮಾದೇಶ್ವರ ಕಾವ್ಯದ ಸಂಗ್ರಹ ಬಂತು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಮಂಟೇಸ್ವಾಮಿ ಕಾವ್ಯವನ್ನು ಪ್ರಕಟಿಸಿತು. ಹಾಡಿದ್ದು ಹೀಗೆ ಪುಸ್ತಕದಲ್ಲಿ ಉಳಿಯಿತು. ಎದುರು ಕೂತವರ ಮುಖ ನೋಡಿ ಕಥೆಯನ್ನು ಹಿಗ್ಗಿಸುವ, ಕುಗ್ಗಿಸುವ ಜಾಣ್ಮೆ ಮಾತ್ರ ಪುಸ್ತಕದಲ್ಲಿ ಉಳಿಯುವಂಥದಲ್ಲ. ಅದು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ವರ್ಷಗಟ್ಟಲೆ ಕೂತರೆ ಮಾತ್ರ ದಾಟುತ್ತದೆ.

ತಾತನ ಪಕ್ಕದಲ್ಲಿ ಕೂತವರು ಯಾರು? ಹಿಮ್ಮೇಳದ ಮೂವರೂ ಅರವತ್ತು ದಾಟಿದವರು. ಹುಡುಗನ ಅಪ್ಪ ಆಟೋ ಓಡಿಸುತ್ತಾರೆ. ಹುಡುಗನಿಗೆ ಡಿಗ್ರಿ ಮುಗಿದೊಡನೆ ಬೆಂಗಳೂರಿನಲ್ಲಿ ಕೆಲಸ ಹುಡುಕಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅದು ತಪ್ಪೂ ಅಲ್ಲ. ಜೋಳಿಗೆಯ ರಾಗಿಯಲ್ಲಿ ಕಾಲೇಜು ಫೀಜು ಕಟ್ಟಲಾಗದೆಂಬುದು ಆ ಅಪ್ಪನಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತು.

ನಾಲ್ಕರ ಹೊತ್ತಿಗೆ ಹಿಮ್ಮೇಳದ ಒಬ್ಬರ ಗಂಟಲು ಕೈಕೊಟ್ಟಿತು. ಸೊಲ್ಲು ತೆಳುವಾಯಿತು. ಆಗ ಕೇಳುಗರ ನಡುವಿನಿಂದಲೇ ಒಂದು ಎಳೆಯ ಕಂಠ ಸೇರಿಕೊಂಡಿತು. ಹನೂರಿನ ಹುಡುಗ ಎದ್ದು ಹೋಗಿ ಮೇಳದಲ್ಲಿ ಕೂರಲಿಲ್ಲ. ಗೆಳೆಯರ ಮಧ್ಯೆ ಕೂತಲ್ಲಿಂದಲೇ ಹಾಡಿದ. ತಾತ ಅತ್ತ ತಿರುಗಿ ನೋಡಲೂ ಇಲ್ಲ, ಮುಂದಿನ ಸಾಲಿಗೆ ಹೋದರು. ಅವನು ತಪ್ಪುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಬೆಳಕು ಹರಿಯಿತು. ತಂಬೂರಿಗೆ ಬಟ್ಟೆ ಸುತ್ತುತ್ತಾ ತಾತ, ‘ಮೊದ್ಲು ಪರೀಕ್ಸೆ ಬರಿ. ಕತೆ ಎಲ್ಲೂ ಓಡೋಗಕಿಲ್ಲ’ ಎಂದರು.

‘ಕತೆ ಹೋಗಕಿಲ್ಲ. ನೀನು?’ ಎಂದ ಹುಡುಗ.

ತಾತ ಉತ್ತರ ಕೊಡಲಿಲ್ಲ. ಡಕ್ಕಿಯನ್ನು ಅವನ ಕೈಗಿಟ್ಟು, ಬಸ್ಸಿನವರೆಗೆ ಹೊತ್ತುಕೊಂಡು ಬಾ ಎಂದರು.

ಹೋಗಬಯಸುವವರಿಗೆ ಎರಡು ಮಾತು. ಜಾತ್ರೆಯ ದಿನಗಳಲ್ಲಿ ಕೊಳ್ಳೇಗಾಲದಿಂದ ವಿಶೇಷ ಬಸ್ಸುಗಳಿರುತ್ತವೆ. ಪುಷ್ಯದ ಚಳಿಗೆ ಕಂಬಳಿ, ಕುಡಿಯುವ ನೀರು, ಟಾರ್ಚು ಜೊತೆಗಿರಲಿ. ಮೊದಲ ರಾತ್ರಿಯ ಜನಸಂದಣಿಯಲ್ಲಿ ಮಕ್ಕಳ ಕೈ ಬಿಡಬೇಡಿ. ಮೇಳದ ಮುಂದೆ ಕೂತಾಗ ಮೊಬೈಲು ಕೆಳಗಿರಲಿ. ಹಾಡುವವರು ನಿಮ್ಮ ಮುಖ ನೋಡಬೇಕು. ಏಳುವ ಮುನ್ನ ಅವರ ತಟ್ಟೆಗೆ ಕೈಲಾದದ್ದು ಹಾಕಿ.

ಮರಳುವ ಬಸ್ಸಿನಲ್ಲಿ ನಾಲ್ವರು ಗೆಳೆಯರು ನಿದ್ದೆಹೋದರು. ಹನೂರಿನ ಹುಡುಗ ಡಕ್ಕಿಯನ್ನು ತಾತನಿಗೆ ಮರಳಿಸಿದ್ದ. ಆದರೂ ಅವನ ಬೆರಳುಗಳು ಮುಂದಿನ ಸೀಟಿನ ಕಂಬಿಯ ಮೇಲೆ ಆಡುತ್ತಲೇ ಇದ್ದವು. ಪಕ್ಕದಲ್ಲಿದ್ದ ಯಳಂದೂರಿನ ತಾಯಿ ಅದನ್ನು ಕಂಡು, ‘ಮುಂದಿನ್ ವರ್ಸ ನೀನೂ ಹಾಡ್ತೀಯೇನಪ್ಪ?’ ಎಂದರು.

‘ಗೊತ್ತಿಲ್ಲ ಅವ್ವ’ ಎಂದ ಅವನು. ತುಸು ತಡೆದು, ‘ನೀವು ಬತ್ತೀರಾ?’ ಎಂದು ಕೇಳಿದ.