ಏರಿನಲ್ಲಿ ಉಸಿರು ಕಟ್ಟಿದ ಬಂಡಿ

ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಸುತ್ತಿನ ನಮ್ಮ ಗಡಿನಾಡಿನಲ್ಲಿ ಮೋಟಾರು ಬಂಡಿಯು ಇಂದು ವೈಭವದ ವಸ್ತುವಾಗಿ ಉಳಿದಿಲ್ಲ. ಸಂತೆಗೂ ಆಸ್ಪತ್ರೆಗೂ ಬೀಗರ ಮನೆಗೂ ಕರೆದೊಯ್ಯುವ ಅದು, ಹಿಂದಿನ ಎತ್ತಿನ ಜೋಡಿಯಂತೆ ಮನೆಯವರಲ್ಲೊಂದಾಗಿದೆ. ಎತ್ತು ಮೇವು ಬಿಟ್ಟರೆ ಅದರ ಮೂಗು ಮುಟ್ಟಿ, ಸಗಣಿ ನೋಡಿ, ಬೇನೆಯ ಮೂಲವನ್ನು ನಮ್ಮ ಹಿರಿಯರು ಅರಿಯುತ್ತಿದ್ದರು. ಬಂಡಿ ಬೇನೆ ಬಿದ್ದಾಗಲಾದರೋ ನಾವು ಆ ತಾಳ್ಮೆಯನ್ನು ಮರೆತು, ಮೊದಲು ಸಿಕ್ಕವರು ಹೇಳಿದಷ್ಟು ಹಣ ತೆತ್ತು ಕೈಮುಗಿಯುತ್ತೇವೆ.

ಈಗಿನ ಡೀಸೆಲ್ ಬಂಡಿಗಳಲ್ಲಿ ಟರ್ಬೊ ಎಂಬ ಒಂದು ಅಂಗವುಂಟು. ಕಮ್ಮಾರನ ಕುಲುಮೆಗೆ ತಿದಿ ಹೇಗೋ ಎಂಜಿನಿಗೆ ಇದು ಹಾಗೆ. ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಮತ್ತೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಎಣ್ಣೆ ಚೆನ್ನಾಗಿ ಉರಿದು ಬಲ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿಯೇ ಈ ತತ್ತ್ವಕ್ಕೆ ಹಕ್ಕುಪತ್ರ ಪಡೆದಿದ್ದನು. ಹೊರಹೋಗುವ ಹೊಗೆಯಿಂದಲೇ ಒಳಬರುವ ಉಸಿರನ್ನು ಬಲಪಡಿಸುವ ಈ ಯುಕ್ತಿ ಮೆಚ್ಚತಕ್ಕದ್ದೇ ಸರಿ.

ತಾಂಡೂರಿನಲ್ಲಿರುವ ನಮ್ಮ ಅಕ್ಕನ ಮಗನು ಇಂಥದೊಂದು ಹಳೆಯ ಕಾರನ್ನು ಕೊಂಡು ಬಾಡಿಗೆಗೆ ಓಡಿಸುತ್ತಾನೆ. ನಮ್ಮ ಭಾವನವರ ಮೂತ್ರಪಿಂಡಗಳು ಸೋತಿರುವುದರಿಂದ ವಾರಕ್ಕೆರಡು ಸಲ ಅವರನ್ನು ರಕ್ತಶುದ್ಧಿಗಾಗಿ ಹೈದರಾಬಾದಿಗೆ ಒಯ್ಯುವುದೂ ಅದೇ ಕಾರಿನಲ್ಲಿ. ಹೊತ್ತಿಗೆ ಸರಿಯಾಗಿ ಮುಟ್ಟಬೇಕೆಂಬ ಆತುರದಿಂದ ಹುಡುಗನು ನಗರದ ಒಂದು ಅಂಗಡಿಯಲ್ಲಿ ಬಲ ಹೆಚ್ಚಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದನ್ನು ಕೂಡಿಸಿಕೊಂಡನು. ಅವರು ದಪ್ಪನೆಯ ಹೊಸ ಹೋಸ್ ಪೈಪನ್ನೂ ಹಾಕಿಕೊಟ್ಟರು. ಒಂದು ತಿಂಗಳು ಕಾರು ಕುದುರೆಯಂತೆ ಓಡಿತು. ಅನಂತರ ಒಂದು ಬೆಳಗಿನ ಜಾವ ಅನಂತಗಿರಿಯ ಏರಿನಲ್ಲಿ ಕರಿಹೊಗೆ ಕಾರಿ, ಸುಯ್ಯೆಂದು ಸದ್ದು ಮಾಡಿ, ಬಲಗುಂದಿ ತೆವಳತೊಡಗಿತು. ಹಿಂದಿನ ಆಸನದಲ್ಲಿ ಭಾವನವರು ಊದಿದ ಕಾಲುಗಳನ್ನು ಚಾಚಿ ಏದುಸಿರು ಬಿಡುತ್ತಿದ್ದರು. ಅಂದು ಆಸ್ಪತ್ರೆಯ ಸರದಿ ತಪ್ಪಿ, ಸಂಜೆಯವರೆಗೆ ಕಾಯಬೇಕಾಯಿತು.

"ಮಾಮಾ, ಟರ್ಬೊನೇ ಹೋಗ್ಯಾದ ಅಂತಾರ್ರೀ. ಹೊಸಾದೇ ಹಾಕಬೇಕಂತ," ಎಂದು ಹುಡುಗನು ಅಳುವ ದನಿಯಲ್ಲಿ ಹೇಳಿದನು. ಅವರು ಕೇಳಿದ ಹಣ ಅಕ್ಕನ ಹೊಲದ ಒಂದು ವರ್ಷದ ತೊಗರಿಗೆ ಸಮನಾಗಿತ್ತು. ಔಷಧಿಗೆಂದು ಎತ್ತಿಟ್ಟ ಹಣವದು. ನಾವು ಅವಸರ ಬೇಡವೆಂದು ತಿಳಿಹೇಳಿ, ಕಾರನ್ನು ಮೆಲ್ಲಗೆ ಜಹೀರಾಬಾದಿಗೆ ತರಿಸಿದೆವು.

ಜಹೀರಾಬಾದಿಗೆ ಯಂತ್ರದ ನಂಟು ಹೊಸದಲ್ಲ. 1980ರ ದಶಕದಲ್ಲಿ ಆಲ್ವಿನ್-ನಿಸ್ಸಾನ್ ಲಘು ವಾಹನಗಳು ತಯಾರಾದ ಊರಿದು; ಈಗ ಮಹೀಂದ್ರಾ ಟ್ರಾಕ್ಟರುಗಳು ಇಲ್ಲಿಂದ ಹೊರಬರುತ್ತವೆ. ಅಲ್ಲಿ ನಮಗೆ ಪರಿಚಿತರಾದ ವಯಸ್ಸಾದ ಮಿಸ್ತ್ರಿಯೊಬ್ಬರಿದ್ದಾರೆ. ಅವರು ಉರ್ದು, ತೆಲುಗು, ಕನ್ನಡಗಳನ್ನು ಒಂದೇ ಉಸಿರಿನಲ್ಲಿ ಆಡಬಲ್ಲವರು. "ಮಾಸ್ತರ್ರ, ಮೊದಲ ಗಾಳಿ ಎಲ್ಲಿ ಹೋಗತದ ನೋಡಮು, ಆಮ್ಯಾಲ ರೊಕ್ಕದ ಮಾತು," ಎಂದರು ಅವರು. ಆ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿತ್ತು.

ಅವರು ಮೊದಲು ಆ ಪೆಟ್ಟಿಗೆಯನ್ನು ಕಿತ್ತಿಟ್ಟರು. ಸೆನ್ಸರು ಕಂಡದ್ದನ್ನು ಗಣಕಕ್ಕೆ ತಿರುಚಿ ಹೇಳುವ ಚಾಡಿಕೋರ ನಡುವೆ ಇರುವವರೆಗೆ ಯಾವ ಅಂಕಿಯನ್ನೂ ನಂಬುವಂತಿಲ್ಲ. ಬಳಿಕ ಎಂಜಿನನ್ನು ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ಒತ್ತಡದ ಅಂಕಿ ನೋಡಿದರು. ಅದು 94 ಕಿಲೋಪ್ಯಾಸ್ಕಲ್ ಎಂದಿತು. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ 101ರಷ್ಟು. ಸುಮಾರು 600 ಮೀಟರ್ ಎತ್ತರದ ಜಹೀರಾಬಾದಿನಲ್ಲಿ 94ರ ಆಸುಪಾಸು ಇರಬೇಕಾದದ್ದೇ. ಎಂದರೆ ಸೆನ್ಸರು ಸುಳ್ಳು ಹೇಳುತ್ತಿಲ್ಲ. ಓಡಿಸಿ ನೋಡಿದಾಗ ಅಂಕಿ 150ನ್ನು ದಾಟಲಿಲ್ಲ. ಹುಡುಗನು ಅದನ್ನು ಸಾಕಷ್ಟಾಯಿತೆಂದು ಬಗೆದನು. ಅದರಲ್ಲಿ 94 ಆಕಾಶ ಕೊಟ್ಟದ್ದು, ಟರ್ಬೊ ಗಳಿಸಿದ್ದು 56 ಮಾತ್ರ ಎಂದು ನಾವು ನೆಲದ ಮೇಲೆ ಸೀಮೆಸುಣ್ಣದಿಂದ ಕಳೆಯುವ ಲೆಕ್ಕ ಮಾಡಿ ತೋರಿಸಿದೆವು.

ಏರ್ ಫಿಲ್ಟರನ್ನು ತೆಗೆದು ತಟ್ಟಿದರೆ ತಾಂಡೂರಿನ ಫರ್ಷಿ ಕಲ್ಲಿನ ಬಿಳಿಯ ಧೂಳು ಬೊಗಸೆಯಷ್ಟು ಉದುರಿತು. ಅದನ್ನು ಬದಲಿಸಿದರು. ಟರ್ಬೊದ ದಂಡವನ್ನು ಬೆರಳಿನಿಂದ ಅಲುಗಿಸಿದರು: ಪಕ್ಕಕ್ಕೆ ಕೂದಲೆಳೆಯಷ್ಟು ಆಟ, ಹಿಂದುಮುಂದಕ್ಕೆ ಏನೂ ಇಲ್ಲ, ರೆಕ್ಕೆಗಳು ಗೋಡೆಗೆ ತಾಗಿದ ಗುರುತೂ ಇಲ್ಲ. ಟರ್ಬೊ ಸತ್ತಿರಲಿಲ್ಲ! ಕೊನೆಗೆ ಗಾಳಿಯ ದಾರಿಯ ಎರಡೂ ತುದಿ ಮುಚ್ಚಿ, ಹದವಾಗಿ ಗಾಳಿ ತುಂಬಿ, ಸಂದುಸಂದಿಗೂ ಸಾಬೂನಿನ ನೀರು ಹಚ್ಚಿದರು. ಸೈಕಲ್ ಟ್ಯೂಬಿನ ಪಂಕ್ಚರು ಹುಡುಕುವ ವಿಧಾನವೇ ಅದು. ಹೊಸ ಪೈಪಿನ ಅಡಿಯಲ್ಲಿ ಗುಳ್ಳೆಗಳೆದ್ದವು. ಬರಿಗೈಗೆ ಸಿಗದ ಸೀಳು ಒತ್ತಡ ಬಿದ್ದಾಗ ಮಾತ್ರ ಬಾಯಿ ತೆರೆಯುತ್ತಿತ್ತು. ಏರಿನಲ್ಲಿ ಕೇಳಿಬಂದ ಸುಯ್ಯೆಂಬ ಸದ್ದು ಅದರದೇ.

ಕಾರ್ಖಾನೆಯ ಮೂಲ ಅಳತೆಯ ಪೈಪು ಹಾಕಿದ್ದಾಯಿತು. ಆದರೆ ಮತ್ತೆ ಓಡಿಸಿದಾಗ ಅಂಕಿ 240ಕ್ಕೆ ಜಿಗಿದು, ಗಣಕವು ಎಂಜಿನನ್ನು ಕಾಯಲೆಂದು ತಾನೇ ಬಲ ಕುಗ್ಗಿಸಿತು. ಹುಡುಗನ ಮುಖ ಬಾಡಿತು, ಮಿಸ್ತ್ರಿಯವರು ನಕ್ಕರು. ಹೆಚ್ಚಿನ ಹೊಗೆಯನ್ನು ಟರ್ಬೊದ ಪಕ್ಕದಿಂದ ದಾಟಿಸುವ ವೇಸ್ಟ್‌ಗೇಟ್ ಎಂಬ ಬಾಗಿಲುಂಟು. ಅದನ್ನು ತೆರೆಯುವ ಕಡ್ಡಿಯನ್ನು ನಗರದವರು ಬಿಗಿಮಾಡಿ ಗಿಡ್ಡಗೊಳಿಸಿದ್ದರು. ಬಾಗಿಲು ತಡವಾಗಿ ತೆರೆದು ಒತ್ತಡ ಮಿತಿಮೀರುತ್ತಿತ್ತು. ಪೈಪಿನ ಸೀಳು ಇಷ್ಟು ದಿನ ಆ ದೋಷವನ್ನು ಮುಚ್ಚಿಟ್ಟಿತ್ತು. ಒಂದು ತಪ್ಪು ಇನ್ನೊಂದು ತಪ್ಪಿನ ನೆರಳಿನಲ್ಲಿ ಬದುಕುವುದು ಯಂತ್ರದಲ್ಲಿಯೂ ಉಂಟೆಂದು ಅಂದು ಅರಿತೆವು. ಹಳೆಯ ಬಣ್ಣದ ಗುರುತಿಗೆ ಕಡ್ಡಿಯನ್ನು ಮರಳಿಸಿದ ಮೇಲೆ ಅಂಕಿ 200ರ ಸುತ್ತ ಸ್ಥಿರವಾಗಿ ನಿಂತಿತು. ತೊಗರಿಯ ಹಣ ಔಷಧಿಗೇ ಉಳಿಯಿತು.

ವಾಚಕರ ಮನೆಯ ತರುಣರಿಗೆ ಎರಡು ಮಾತು. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಬಂಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಇನ್ನೊಂದು, ದೊಡ್ಡ ಏರು ಹತ್ತಿ ನಿಂತೊಡನೆ ಎಂಜಿನನ್ನು ಆರಿಸದೆ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಡಿರಿ. ಕಾದ ಟರ್ಬೊವನ್ನು ತಣಿಸುವುದು ಅದರೊಳಗೆ ಹರಿಯುವ ಎಣ್ಣೆಯೇ.

ಭಾವನವರು ಈಗಲೂ ವಾರಕ್ಕೆರಡು ಸಲ ಹೋಗಿಬರುತ್ತಾರೆ. ಹುಡುಗನು ಅರ್ಧ ಗಂಟೆ ಮೊದಲೇ ಮನೆ ಬಿಡುವುದನ್ನು ರೂಢಿಸಿಕೊಂಡಿದ್ದಾನೆ.