ತಬಲಾ ವಾದಕರ ಬಿಲ್ಲು

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಗಾಯಕರಿಗೆ ಸಾಥ್ ನೀಡಿದ ತಬಲಾ ವಾದಕರನ್ನು ಸದಸ್ಯ ಬಂಧುಗಳು ಮರೆತಿರಲಾರಿರಿ. ಭಾವಗೀತೆಗಳಿಗೆ ಅವರು ಕೊಟ್ಟ ನಡೆಗೆ ಸಭಾಂಗಣವೇ ತಲೆದೂಗಿತ್ತು. ಅವರಿಗೆ ಸಲ್ಲಬೇಕಾದ ಹಣವನ್ನು ನಾವು, ಅಂದರೆ ಕಾರ್ಯಕಾರಿ ಸಮಿತಿಯವರು, ಹನ್ನೊಂದು ವಾರಗಳ ಬಳಿಕ ಸಲ್ಲಿಸಿದೆವೆಂಬುದನ್ನು ನಿಮಗೆ ತಿಳಿಸಿರಲಿಲ್ಲ.

ಅವರಿಗೆ ತಿಂಗಳ ಸಂಬಳವಿಲ್ಲ. ಕರೆದ ಕಾರ್ಯಕ್ರಮಗಳಲ್ಲೂ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲೂ ನುಡಿಸಿ ಬದುಕುವವರು. ಮರುದಿನವೇ ಬಿಲ್ ಕಳುಹಿಸಿದ್ದರು: ಎರಡು ತಾಲೀಮಿಗೆ ತಲಾ 60 ಪೌಂಡ್, ಕಾರ್ಯಕ್ರಮಕ್ಕೆ 200, 96 ಮೈಲಿ ಪ್ರಯಾಣಕ್ಕೆ ಮೈಲಿಗೆ 45 ಪೆನ್ಸ್‌ನಂತೆ 43.20, ಒಟ್ಟು 363.20 ಪೌಂಡ್. ಕ್ರಮಸಂಖ್ಯೆ, ಬ್ಯಾಂಕ್ ಖಾತೆಯ ವಿವರ, 30 ದಿನಗಳ ಗಡುವು ಎಲ್ಲವೂ ಇದ್ದವು. ವೈದ್ಯರಾದ ನಮ್ಮ ಬರವಣಿಗೆ ಎಂದೂ ಅಷ್ಟು ಸ್ಪಷ್ಟವಾಗಿರುವುದಿಲ್ಲ!

ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಬಿಲ್ಲಿಗೆ ನಾವೆಲ್ಲ ಹೆಬ್ಬೆರಳು ಎತ್ತಿ ಸುಮ್ಮನಾದೆವು. ಖಾತೆಗೆ ಸಹಿ ಹಾಕಬೇಕಾದ ಇಬ್ಬರಲ್ಲಿ ಒಬ್ಬರು ಮೈಸೂರಿಗೆ ಹೋಗಿದ್ದರು. ಇದಿಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಡಿಸೆಂಬರ್ ಸಭೆಯಲ್ಲಿ, "ತಾಲೀಮಿಗೂ ದುಡ್ಡೇ? ನಮ್ಮವರೇ ಅಲ್ಲವೇ, ಕನ್ನಡದ ಸೇವೆ" ಎಂಬ ಮಾತು ಬಂದಾಗ ನಾವು ಯಾರೂ ತುಟಿ ಬಿಚ್ಚಲಿಲ್ಲ. ಸಭಾಂಗಣದ ಬಾಡಿಗೆಯನ್ನೂ ಊಟದವರ ಹಣವನ್ನೂ ಮುಂಗಡವಾಗಿಯೇ ಕೊಟ್ಟಿದ್ದೆವು. ಸೇವೆಯ ಮಾತು ಅಲ್ಲಿ ಏಳಲಿಲ್ಲ.

ಊರಿನಲ್ಲಿ ಕಲಾವಿದರಿಗೆ ಫಲತಾಂಬೂಲದೊಡನೆ ಲಕೋಟೆ ಕೊಡುವ ರೂಢಿಯಿದೆ. ಎಷ್ಟೆಂದು ಕೇಳಲು ಅವರಿಗೂ ಹೇಳಲು ನಮಗೂ ಸಂಕೋಚ. ಆದರೂ ಆ ಲಕೋಟೆ ಅದೇ ರಾತ್ರಿ ಕೈಸೇರುತ್ತದೆ. ನಾವು ಆ ಸಂಕೋಚವನ್ನಷ್ಟೇ ಹೊತ್ತು ತಂದಿದ್ದೆವು. ಬದಲಿ ವೈದ್ಯರಾಗಿ ಒಂದು ರಾತ್ರಿ ಪಾಳಿ ಮಾಡಿದರೂ ಟೈಮ್‌ಶೀಟಿಗೆ ಸಹಿ ಮಾಡಿಸಿಕೊಂಡು, ಹಣ ವಾರ ತಡವಾದರೆ ಏಜೆನ್ಸಿಗೆ ಕಟುವಾಗಿ ಬರೆಯುವವರೂ ನಾವೇ.

ಜನವರಿಯ ಕೊನೆಯಲ್ಲಿ ಅವರು ಫೋನ್ ಮಾಡಿದರು. "ಡಾಕ್ಟ್ರೇ, ತಪ್ಪು ತಿಳಿಯಬೇಡಿ. 31ರೊಳಗೆ ತೆರಿಗೆ ಕಟ್ಟಬೇಕು, ಮನೆ ಬಾಡಿಗೆಯೂ ಇದೆ. ಆ ಬಿಲ್ ಏನಾಯಿತು ಅಂತ..." ಎಂದು ನಿಲ್ಲಿಸಿದರು. ಬ್ರಿಟನ್ನಿನ 1998ರ ಕಾಯ್ದೆಯಂತೆ ವ್ಯವಹಾರದ ಬಾಕಿ ತಡವಾದರೆ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಮೂಲ ದರದ ಮೇಲೆ ಶೇ. 8 ಬಡ್ಡಿ ಕೇಳಬಹುದು. ಸಾವಿರ ಪೌಂಡಿಗಿಂತ ಕಡಿಮೆ ಬಾಕಿಗೆ 40 ಪೌಂಡ್ ಪರಿಹಾರವನ್ನೂ ಕೇಳಬಹುದು. ಅವರು ಅದರ ಸೊಲ್ಲೆತ್ತಲಿಲ್ಲ. ಅದು ನಮ್ಮಂಥ ಸಂಘಕ್ಕೆ ಅನ್ವಯಿಸುವುದೇ ಎಂಬ ವಾದಕ್ಕೆ ನಾವೂ ಹೋಗದೆ, ಅಂದೇ ರಾತ್ರಿ ಹಣದೊಡನೆ ಆ 40 ಪೌಂಡನ್ನೂ ಸೇರಿಸಿ ಕಳುಹಿಸಿದೆವು.

ಯುಗಾದಿಗೆ ಮತ್ತೆ ಅವರನ್ನೇ ಕರೆದಿದ್ದೇವೆ. ಬರಲು ಒಪ್ಪಿದ್ದಾರೆ, ಈ ಸಲ ಅರ್ಧ ಹಣ ಮುಂಗಡ ಎಂದು ಬರೆದಿದ್ದರು. ಮೊನ್ನೆ ಕಳುಹಿಸಿದೆವು.