ಆಟವಿಲ್ಲದ ತಿಂಗಳ ಆಟ

ಜಯನಗರ ಐದನೆಯ ಬ್ಲಾಕಿನಲ್ಲಿ ನಿಂತು ಚಂದ್ರಗುಪ್ತ ಮೌರ್ಯ ಮೈದಾನಕ್ಕೆ ದಾರಿ ಕೇಳಿದರೆ ಹತ್ತರಲ್ಲಿ ಎಂಟು ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಶಾಲಿನಿ ಮೈದಾನ ಎಂದು ನೋಡಿ, ಹೂ ಮಾರುವಾಕೆಯೂ ಕೈ ತೋರಿಸುತ್ತಾಳೆ. ಜುಲೈ ತಿಂಗಳ ಬೆಳಗಿನಲ್ಲಿ ಅಲ್ಲಿ ಹೋದವರಿಗೆ ಕಾಣುವುದು ಕೆಂಪು ಕೆಸರು, ಜಿಟಿಜಿಟಿ ಮಳೆ, ಮರದ ಕೆಳಗೆ ತಮಗಿಂತ ದೊಡ್ಡ ಚೀಲಗಳನ್ನು ಬೆನ್ನಿಗೇರಿಸಿ ನಿಂತ ಹುಡುಗರು. ಪಕ್ಕದಲ್ಲಿ ಸ್ಕೂಟರಿನ ಮೇಲೆ ಕುಳಿತೇ ಗಡಿಯಾರ ನೋಡುವ ಅಪ್ಪಂದಿರು. ಮಳೆ ನಿಂತರೆ ಆಟ, ನಿಲ್ಲದಿದ್ದರೆ ಮನೆ.

ಆಟವೇ ಇಲ್ಲದ ಈ ದಿನಗಳಲ್ಲಿ ನೋಡಲು ಏನಿದೆ ಎಂದು ಯಾರಾದರೂ ಕೇಳಬಹುದು. ಇದೆ. ಪಂದ್ಯದ ಅರ್ಧ ಸೋಲು ಗೆಲುವು ತೀರ್ಮಾನವಾಗುವುದು ಇಂಥ ದಿನಗಳಲ್ಲೇ. ಆ ತೀರ್ಮಾನಕ್ಕೆ ಬ್ಯಾಟೂ ಬೇಡ, ಚೆಂಡೂ ಬೇಡ. ಒಂದು ಹಾಳೆ, ಒಂದು ಪೆನ್ಸಿಲು ಸಾಕು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ಹೊಸದಾಗಿ ತರಬೇಕು ಎಂಬ ಪಟ್ಟಿ ತಯಾರಾಗುವ ಕಾಲವಿದು. ದುಡ್ಡಿದ್ದವರಿಗೆ ಅದು ಖರೀದಿಯ ಪಟ್ಟಿ. ದುಡ್ಡಿಲ್ಲದ ತಂಡಕ್ಕೆ ಅದು ಕಠಿಣವಾದ ಲೆಕ್ಕ.

ಏಣಿಯ ಕೆಳಗಿನ ಮೆಟ್ಟಿಲು

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಲೀಗ್ ಡಿವಿಜನ್ನುಗಳ ಒಂದು ಏಣಿ. ಗೆದ್ದ ಕ್ಲಬ್ಬು ಮೇಲೇರುತ್ತದೆ, ಸೋತದ್ದು ಕೆಳಗಿಳಿಯುತ್ತದೆ. ದಕ್ಷಿಣ ಬೆಂಗಳೂರಿನ ಎಷ್ಟೋ ಹುಡುಗರಿಗೆ ದೊಡ್ಡ ಆಟದ ಮೊದಲ ಬಾಗಿಲು ಇಂಥದೊಂದು ಕ್ಲಬ್ಬು. ಅನಿಲ್ ಕುಂಬ್ಳೆ ಹದಿಮೂರನೆಯ ವಯಸ್ಸಿಗೆ ಸೇರಿದ್ದು ಯಂಗ್ ಕ್ರಿಕೆಟರ್ಸ್ ಎಂಬ ಕ್ಲಬ್ಬಿಗೆ. ಆಗ ಅವರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ವಿದ್ಯಾರ್ಥಿ.

ಕ್ಲಬ್ಬಿನ ಮೇಲೆ ಇನ್ನೊಂದು ಮೆಟ್ಟಿಲಿದೆ. ಅಲ್ಲಿ ಹುಡುಗನ ಹೆಸರಿನ ಮುಂದೆ ಮೊದಲ ಬಾರಿಗೆ ಒಂದು ಬೆಲೆ ಬರೆಯುತ್ತಾರೆ. ಅದನ್ನು ತಿಳಿಯಲು ಜಯನಗರ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಬನಶಂಕರಿಯಲ್ಲಿ ಇಳಿಯೋಣ. ನಡುವೆ ರಾಷ್ಟ್ರೀಯ ವಿದ್ಯಾಲಯ ರಸ್ತೆಯ ಒಂದೇ ನಿಲ್ದಾಣ. ದೇವಸ್ಥಾನದ ಗಂಟೆ, ಬಸ್ಸುಗಳ ಹಾರನ್ನು, ತರಕಾರಿಯವರ ಕೂಗು ಎಲ್ಲ ಸೇರಿದ ಈ ಜಾಗದ ಕಾಫಿ ಹೋಟೆಲುಗಳಲ್ಲಿ ಜುಲೈ ಬಂತೆಂದರೆ ಹರಾಜಿನ ಮಾತು ಕಾಫಿಯಷ್ಟೇ ಬಿಸಿ.

ರಾಜ್ಯದ್ದೇ ಆದ ವೃತ್ತಿಪರ ಟಿ-ಟ್ವೆಂಟಿ ಪಂದ್ಯಾವಳಿ ಮೊದಲು ಶುರುವಾದದ್ದು 2009ರಲ್ಲಿ, ಕರ್ನಾಟಕ ಪ್ರೀಮಿಯರ್ ಲೀಗ್ ಎಂಬ ಹೆಸರಿನಲ್ಲಿ. 2019ರಲ್ಲಿ ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ಪ್ರಕರಣಗಳು ಹೊರಬಿದ್ದು ಅದರ ಮಾನ ಹೋಯಿತು. 2022ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ನೆನಪಿನಲ್ಲಿ ಮಹಾರಾಜ ಟ್ರೋಫಿ ಎಂದು ಹೊಸದಾಗಿ ಆರಂಭವಾಯಿತು. ತಂಡಗಳು ಆರು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗ. 2023, 2024, 2025 ಈ ಮೂರು ವರ್ಷಗಳಲ್ಲೂ ಹರಾಜು ನಡೆದದ್ದು ಜುಲೈನಲ್ಲಿ, ಪಂದ್ಯಗಳು ಶುರುವಾದದ್ದು ಆಗಸ್ಟಿನಲ್ಲಿ.

ಇಲ್ಲಿಯ ಹಣ ಎಷ್ಟು ಎಂದು ತಿಳಿಯಲು ಒಂದು ಹೋಲಿಕೆ ಸಾಕು. 2023ರ ಹರಾಜಿನ ಅತಿ ದೊಡ್ಡ ಬೆಲೆ ಅಭಿನವ್ ಮನೋಹರ್ ಅವರದು. ಶಿವಮೊಗ್ಗ ತಂಡ 15 ಲಕ್ಷ ರೂಪಾಯಿ ಕೊಟ್ಟಿತು. 2024ರ ನವೆಂಬರಿನಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ ಅವರ ಬೆಲೆ 27 ಕೋಟಿ. ಭಾಗಿಸಿ ನೋಡಿ, ನೂರ ಎಂಬತ್ತು ಪಟ್ಟು. ಇನ್ನು ಕೆಳಗಿನ ತುದಿಯಲ್ಲಿ ಸಾವಿರಗಳ ಲೆಕ್ಕ. ರಾಹುಲ್ ದ್ರಾವಿಡ್ ಅವರ ಮಗ ಸಮಿತ್ 2024ರಲ್ಲಿ ಮೈಸೂರು ತಂಡಕ್ಕೆ ಬಂದದ್ದು 50 ಸಾವಿರ ರೂಪಾಯಿಗೆ. ತಂದೆಯ ಹೆಸರು ಪಟ್ಟಿಯಲ್ಲಿ ಒಂದು ಸೊನ್ನೆಯನ್ನೂ ಹೆಚ್ಚಿಸಲಿಲ್ಲ. ಅದು ಆ ಹರಾಜಿನ ಮರ್ಯಾದೆ ಎಂದೇ ತಿಳಿಯಬೇಕು.

ನೂರು ರೂಪಾಯಿಯ ಲೆಕ್ಕ

ಬನಶಂಕರಿಯಿಂದ ಮುಂದಿನ ನಿಲ್ದಾಣ ಜಯಪ್ರಕಾಶ ನಗರ. ಸಂಜೆಯಾಯಿತೆಂದರೆ ಇಲ್ಲಿಯ ಅಡ್ಡರಸ್ತೆಗಳಲ್ಲಿ ಟ್ಯೂಷನ್ ಮುಗಿಸಿದ ಮಕ್ಕಳು ಕಾರುಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ವಿಕೆಟ್ ನಿಲ್ಲಿಸುತ್ತಾರೆ. ಗೋಡೆಗೆ ಬಡಿದರೆ ಎರಡು ರನ್, ಕಾಂಪೌಂಡಿನಾಚೆ ಹೋದರೆ ಔಟ್. ಆ ಮಕ್ಕಳೂ ಬಿಡಿಸಬಹುದಾದ ಒಂದು ಲೆಕ್ಕ ಇಲ್ಲಿದೆ.

ಒಂದು ತಂಡದ ಕೈಯಲ್ಲಿ ಒಟ್ಟು ನೂರು ರೂಪಾಯಿ ಇದೆ ಎಂದುಕೊಳ್ಳಿ. ಹೆಸರಾಂತ ಆಟಗಾರನೊಬ್ಬನಿಗೆ ಅದರಲ್ಲಿ ಮೂವತ್ತು ಕೊಟ್ಟಾಯಿತು. ಉಳಿದ ಹತ್ತು ಮಂದಿಗೆ ತಲಾ ಏಳೇ ರೂಪಾಯಿ. ಕಾಯಿಸಿದ ಆಟಗಾರರು ಇನ್ನೂ ಆರೇಳು ಮಂದಿ ಬೇಕಲ್ಲ, ಅವರ ಪಾಲು ಇದರಲ್ಲೇ ಹೊರಡಬೇಕು. ಈಗ ಆಟದ ನಿಯಮ ನೋಡಿ. ಇಪ್ಪತ್ತು ಓವರುಗಳಲ್ಲಿ ಒಬ್ಬ ಬೌಲರು ಹಾಕಬಹುದಾದದ್ದು ನಾಲ್ಕು, ಅಂದರೆ ಐದರಲ್ಲಿ ಒಂದು ಪಾಲು. ಎಂಥ ಶೂರನಾದರೂ ಉಳಿದ ನಾಲ್ಕು ಪಾಲನ್ನು ಬೇರೆಯವರೇ ಹಾಕಬೇಕು. ಬ್ಯಾಟಿಂಗಿನಲ್ಲಿ ಇರುವುದು 120 ಎಸೆತ. ಒಬ್ಬ ನಲವತ್ತನ್ನು ಆಡಿದನೆಂದರೂ ಎಂಬತ್ತು ಉಳಿಯುತ್ತವೆ. ಕೊಂಡಿಗಳೆಲ್ಲ ಗಟ್ಟಿಯಿದ್ದು ಒಂದು ಸಡಿಲವಿದ್ದರೆ ಸರಪಳಿ ಕಡಿಯುವುದು ಆ ಸಡಿಲ ಕೊಂಡಿಯಲ್ಲೇ. ಹತ್ತು ಕೊಂಡಿಗಳನ್ನು ಸಡಿಲ ಬಿಟ್ಟು ಒಂದನ್ನು ಬಂಗಾರದಲ್ಲಿ ಮಾಡಿಸಿದರೆ ಏನು ಫಲ?

2024ರ ಮಹಾರಾಜ ಟ್ರೋಫಿ ಇದನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದಂತಿತ್ತು. ಶಿವಮೊಗ್ಗದ ಅಭಿನವ್ ಮನೋಹರ್ ಆ ಸಲ ಹೊಡೆದದ್ದು 507 ರನ್. ಅದರಲ್ಲಿ ಸಿಕ್ಸರುಗಳೇ 52. ಸಿಕ್ಸರಿನಿಂದಲೇ 312 ರನ್ ಬಂದ ಹಾಗಾಯಿತು. ಹೊಡೆತ ನೋಡಿದವರು ಮರೆಯಲಾರರು. ಆದರೂ ಅವರ ತಂಡ ಸೆಮಿಫೈನಲ್ ಮುಟ್ಟಲಿಲ್ಲ. ತಪ್ಪು ಹೊಡೆದವನದಲ್ಲ, ಒಂದೇ ತೋಳು ಪಲ್ಲಕ್ಕಿಯನ್ನು ಎಷ್ಟು ದೂರ ಹೊತ್ತೀತು?

ದೊಡ್ಡ ಹಣ ಇದ್ದಾಕ್ಷಣ ಲೆಕ್ಕ ಸರಿಹೋಗುತ್ತದೆಂದೂ ಇಲ್ಲ. 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರು ತಂಡವನ್ನು ಕೊಂಡದ್ದು 11 ಕೋಟಿ 16 ಲಕ್ಷ ಡಾಲರಿಗೆ. ಎಲ್ಲಕ್ಕಿಂತ ಅಗ್ಗದ ರಾಜಸ್ಥಾನಕ್ಕೆ 6 ಕೋಟಿ 70 ಲಕ್ಷ ಡಾಲರ್. ಆ ವರ್ಷ ಕಪ್ ಎತ್ತಿದ್ದು ರಾಜಸ್ಥಾನ. ಎಂಟು ತಂಡಗಳಲ್ಲಿ ಬೆಂಗಳೂರಿನದು ಏಳನೆಯ ಸ್ಥಾನ.

ಬಿಟ್ಟ ನಿರ್ಧಾರವೂ ಅಷ್ಟೇ ದುಬಾರಿಯಾಗಬಹುದು. ಮಂಗಳೂರಿನಲ್ಲಿ ಬೆಳೆದು, ಓದಲೆಂದು ಬೆಂಗಳೂರಿನ ಜೈನ್ ಕಾಲೇಜಿಗೆ ಬಂದ ಕೆ.ಎಲ್. ರಾಹುಲ್ 2016ರಲ್ಲಿ ಬೆಂಗಳೂರು ತಂಡಕ್ಕೆ 397 ರನ್ ಮಾಡಿಕೊಟ್ಟಿದ್ದರು. ಗಾಯದಿಂದ 2017ರಲ್ಲಿ ಆಡಲಿಲ್ಲ. 2018ರ ಹರಾಜಿಗೆ ಮುನ್ನ ಉಳಿಸಿಕೊಂಡ ಮೂವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಪಂಜಾಬ್ 11 ಕೋಟಿ ಕೊಟ್ಟು ಕರೆದೊಯ್ದಿತು. ಆ ವರ್ಷ ಅಲ್ಲಿ ಅವರು ಹೊಡೆದದ್ದು 659.

ಓಕ್‌ಲ್ಯಾಂಡಿನ ಪಾಠ

ಜಯಪ್ರಕಾಶ ನಗರದಿಂದ ರಾಷ್ಟ್ರೀಯ ವಿದ್ಯಾಲಯ ರಸ್ತೆಗೆ ಮರಳಿ, ಅಲ್ಲಿ ಹಳದಿ ಮಾರ್ಗದ ಗಾಡಿ ಹಿಡಿಯಬೇಕು. 2025ರ ಆಗಸ್ಟಿನಲ್ಲಿ ಆರಂಭವಾದ ಈ ಮಾರ್ಗ ರಾಗಿಗುಡ್ಡ, ಜಯದೇವ ಆಸ್ಪತ್ರೆ ದಾಟಿ ಬಿ.ಟಿ.ಎಂ. ಬಡಾವಣೆಗೆ ತಲುಪಿಸುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು ಸೇರಿ ಆದ ಹೆಸರು ಅದು. ಗಾಡಿ ಮೇಲುಸೇತುವೆಯ ಮೇಲೆ ಸಾಗುತ್ತಿರುವಾಗ ಹೇಳಿ ಮುಗಿಸಬಹುದಾದ ಒಂದು ಕತೆಯಿದೆ, ಸಪ್ತಸಾಗರದಾಚೆಯದು.

ಅಮೆರಿಕದ ಓಕ್‌ಲ್ಯಾಂಡಿನಲ್ಲಿ ಬೇಸ್‌ಬಾಲ್ ತಂಡವೊಂದಿತ್ತು. 2001ರ ಋತು ಮುಗಿದಾಗ ಅದರ ಮೂವರು ಮುಖ್ಯ ಆಟಗಾರರನ್ನು ಹಣವಂತ ತಂಡಗಳು ಸೆಳೆದುಕೊಂಡವು. ನ್ಯೂಯಾರ್ಕಿನ ಯಾಂಕೀಸ್ ವರ್ಷಕ್ಕೆ ಸಂಬಳಕ್ಕೆಂದು ಸುಮಾರು 12 ಕೋಟಿ 50 ಲಕ್ಷ ಡಾಲರ್ ಸುರಿಯುತ್ತಿದ್ದಾಗ ಓಕ್‌ಲ್ಯಾಂಡಿನ ಬಳಿ ಇದ್ದದ್ದು ಸುಮಾರು 4 ಕೋಟಿ. ವ್ಯವಸ್ಥಾಪಕ ಬಿಲ್ಲಿ ಬೀನ್ ಆ ಚಳಿಗಾಲದಲ್ಲಿ ಬೇರೆಯೇ ಪ್ರಶ್ನೆ ಕೇಳಿಕೊಂಡರು: ಹೋದವರಂಥವರನ್ನು ಕೊಳ್ಳಲಾರೆವು, ಸರಿ, ಆದರೆ ಹೋದವರು ಮಾಡುತ್ತಿದ್ದ ಕೆಲಸದಲ್ಲಿ ಗೆಲುವಿಗೆ ನಿಜವಾಗಿ ಬೇಕಾದದ್ದು ಯಾವುದು? ಅದನ್ನು ಅಗ್ಗವಾಗಿ ಎಲ್ಲಿ ಪಡೆಯಬಹುದು?

ಬೇಸ್‌ಬಾಲಿನಲ್ಲಿ ಎಸೆಗಾರ ನಾಲ್ಕು ಸಲ ತಪ್ಪು ಜಾಗಕ್ಕೆ ಎಸೆದರೆ, ಬ್ಯಾಟು ಬೀಸದೆ ಸುಮ್ಮನೆ ನಿಂತವನಿಗೂ ಮೊದಲ ಬೇಸಿಗೆ ನಡೆದುಹೋಗುವ ಹಕ್ಕುಂಟು. ಇದರಲ್ಲಿ ಚಪ್ಪಾಳೆಯಿಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿ ಇದಕ್ಕೆ ಬೆಲೆಯೂ ಕಡಿಮೆಯಿತ್ತು. ಲೆಕ್ಕ ಹಾಕಿದವರಿಗೆ ಮಾತ್ರ ಈ ತಾಳ್ಮೆಯಿಂದಲೇ ಬಹಳಷ್ಟು ರನ್ ಬರುತ್ತದೆಂದು ಕಂಡಿತು. ಮೊಣಕೈ ನರಕ್ಕೆ ಪೆಟ್ಟಾಗಿ, ಕೀಪರನ ಕೆಲಸಕ್ಕೆ ಇನ್ನು ಆಗುವುದಿಲ್ಲವೆನಿಸಿಕೊಂಡ ಸ್ಕಾಟ್ ಹ್ಯಾಟೆಬರ್ಗ್ ಎಂಬಾತನನ್ನು ಓಕ್‌ಲ್ಯಾಂಡ್ ಕರೆತಂದಿತು. ಮೊದಲ ಬೇಸನ್ನು ಕಾಯುವ ಹೊಸ ವಿದ್ಯೆ ಕಲಿಸಿತು. ಮರುವರ್ಷ ಆ ತಂಡ 103 ಪಂದ್ಯ ಗೆದ್ದಿತು. ಅದರಲ್ಲಿ ಸತತ 20 ಗೆಲುವು. ಇಪ್ಪತ್ತನೆಯದನ್ನು ಕೊನೆಯ ಹೊಡೆತದಿಂದ ತಂದುಕೊಟ್ಟವನು ಅದೇ ಹ್ಯಾಟೆಬರ್ಗ್.

ಈ ಕತೆಗೆ ಇನ್ನೊಂದು ಮುಖವೂ ಇದೆ. ಮುಂದಿನ ಸುತ್ತಿನಲ್ಲಿ ತಂಡ ಸೋತುಹೋಯಿತು. ಹಣವಂತ ತಂಡಗಳು ಇದೇ ಲೆಕ್ಕ ಕಲಿತುಕೊಂಡವು. 2024ರ ನಂತರ ತಂಡ ಓಕ್‌ಲ್ಯಾಂಡನ್ನೇ ಬಿಟ್ಟುಹೋಯಿತು. ಬುದ್ಧಿ ಬಡವನಿಗೆ ಒಂದು ಅವಕಾಶವನ್ನು ಕೊಡುತ್ತದೆ, ಕಾಯಂ ಆಸ್ತಿಯನ್ನಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದವನು

ಬಿ.ಟಿ.ಎಂ. ನಿಲ್ದಾಣದ ಮೆಟ್ಟಿಲಿಳಿಯುವಾಗಲೂ ಬೆನ್ನಿಗೆ ಬ್ಯಾಟಿನ ಚೀಲ ತೂಗಿಸಿಕೊಂಡ ಹುಡುಗರು ಸಿಗುತ್ತಾರೆ. ಆರು ತಂಡಗಳೂ ಸೇರಿ ಕೊಳ್ಳುವುದು ನೂರರ ಆಸುಪಾಸಿನಷ್ಟು ಮಂದಿಯನ್ನು. ಹೆಸರು ಕೊಟ್ಟವರು ಅದಕ್ಕಿಂತ ಎಷ್ಟೋ ಹೆಚ್ಚು. ಪ್ರತಿ ಜುಲೈನಲ್ಲೂ ಹೆಸರು ಬಾರದ ಮನೆಗಳೇ ಜಾಸ್ತಿ. ಆ ರಾತ್ರಿ ಆ ಮನೆಗಳಲ್ಲಿ ಊಟ ಹೇಗೆ ನಡೆಯುತ್ತದೆ ಎಂಬುದನ್ನು ಯಾವ ಅಂಕಿ ಅಂಶವೂ ಹೇಳುವುದಿಲ್ಲ.

ಅಂಥ ಮನೆಗಳಿಗೆ ಒಂದು ಹೆಸರನ್ನು ನೆನಪಿಸಬಹುದು. ಬೆಂಗಳೂರಿನಲ್ಲೇ ಆಟ ಕಲಿತ ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303 ರನ್ ಹೊಡೆದರು. ಆರು ವರ್ಷಗಳ ಬಳಿಕ, 2022ರ ಡಿಸೆಂಬರಿನಲ್ಲಿ, ಕರ್ನಾಟಕದ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಕ್ರಿಕೆಟ್ಟೇ ಇನ್ನೊಂದು ಅವಕಾಶ ಕೊಡು ಎಂದು ಅವರು ಬಹಿರಂಗವಾಗಿ ಬೇಡಿಕೊಂಡದ್ದು ಆಗಲೇ. 2023ರಲ್ಲಿ ವಿದರ್ಭ ಅವರನ್ನು ಕರೆಯಿತು. ಬೇರೆಯವರು ಮುಗಿಯಿತೆಂದು ಬರೆದದ್ದನ್ನು ವಿದರ್ಭ ಇನ್ನೂ ಉಳಿದಿದೆ ಎಂದು ಓದಿತು. 2024ರ ಮಹಾರಾಜ ಟ್ರೋಫಿಯಲ್ಲಿ ಅವರು 560 ರನ್ ಹೊಡೆದು ಮೈಸೂರು ತಂಡಕ್ಕೆ ಕಪ್ ತಂದುಕೊಟ್ಟರು. ಐವತ್ತು ಸಾವಿರದ ಸಮಿತ್ ಇದ್ದದ್ದೂ ಅದೇ ತಂಡದಲ್ಲಿ. 2024-25ರ ರಣಜಿ ಋತುವಿನಲ್ಲಿ ವಿದರ್ಭ ಚಾಂಪಿಯನ್ ಆಯಿತು. 2025ರ ಜೂನಿನಲ್ಲಿ ಕರುಣ್ ಮತ್ತೆ ಭಾರತದ ಬಿಳಿ ಉಡುಪು ತೊಟ್ಟರು. ಎಂಟು ವರ್ಷಗಳ ಅಂತರ.

ಎಲ್ಲರಿಗೂ ಹೀಗಾಗುತ್ತದೆಂದು ಹೇಳಿದರೆ ಸುಳ್ಳಾದೀತು. ಹೆಚ್ಚಿನವರಿಗೆ ಆಗುವುದಿಲ್ಲ. ಅದಕ್ಕೇ ಮನೆಯಲ್ಲಿ ಇನ್ನೊಂದು ಪಟ್ಟಿಯೂ ಇರಬೇಕು. ಕುಂಬ್ಳೆ 619 ಟೆಸ್ಟ್ ವಿಕೆಟ್ ಪಡೆದವರು, ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದವರೂ ಹೌದು. ಚೀಲದಲ್ಲಿ ಬ್ಯಾಟಿನ ಜೊತೆ ಪುಸ್ತಕವೂ ಹಿಡಿಸುತ್ತದೆ.

ತಂಡದ ಪಟ್ಟಿ ಎಂಬುದು ಒಂದು ವರ್ಷದ, ಒಂದು ಹಣದ ಚೀಲದ, ಒಂದು ಅಗತ್ಯದ ಲೆಕ್ಕ. ಎಡಗೈ ಸ್ಪಿನ್ನರು ಈಗಾಗಲೇ ಇಬ್ಬರಿದ್ದರೆ ಮೂರನೆಯವನು ಎಷ್ಟು ಒಳ್ಳೆಯವನಾದರೂ ಹೊರಗೆ. ಬೆಲೆ ಹೇಳುವುದು ಕೊಳ್ಳುವವನ ಅಗತ್ಯವನ್ನು, ಹುಡುಗನ ಯೋಗ್ಯತೆಯನ್ನಲ್ಲ. ಅಂಕಪಟ್ಟಿಯ ವಿಷಯದಲ್ಲೂ ಮನೆಯ ಹಿರಿಯರು ಇಷ್ಟನ್ನು ನೆನಪಿಟ್ಟುಕೊಂಡರೆ ಲೇಸು.

ಸಂಜೆ ಮಳೆ ಹೊಳವಾದರೆ ಶಾಲಿನಿ ಮೈದಾನಕ್ಕೆ ಇನ್ನೊಮ್ಮೆ ಹೋಗಿ ನೋಡಿ. ಬೆಳಗ್ಗೆ ಮರದಡಿ ನಿಂತ ಹುಡುಗರೇ ನೀರು ನಿಂತ ಕಡೆ ಮಣ್ಣು ಹರಡುತ್ತಿರುತ್ತಾರೆ. ಯಾರ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಬೆಳಕು ಇನ್ನೂ ಅರ್ಧ ಗಂಟೆ ಉಳಿದಿದೆ, ಅಷ್ಟರಲ್ಲಿ ಎಷ್ಟು ಓವರು ಆದೀತು ಎಂಬುದಷ್ಟೇ ಪ್ರಶ್ನೆ.